ಅಳತೆಯರಿತ ಸಂಕಲ್ಪ

ಶ್ರೀಹನುಮಜ್ಜಯಂತಿಯಂದು ಸುಂದರಕಾಂಡದ ಪಾರಾಯಣವನ್ನು ಕೇಳಿ ಧನ್ಯರಾಗುವ ಆಸ್ತಿಕರು ಅದರ ಹಿಂದಿರುವ ಕಿಷ್ಕಿಂಧಾಕಾಂಡದ ಕೊನೆಯ ಸರ್ಗಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಪ್ರಾಯಕ್ಕೆ ಬಂದ ಮಕ್ಕಳುಳ್ಳ ಗೃಹಸ್ಥರು ಆ ಭಾಗವನ್ನು ಅವಶ್ಯವಾಗಿ ಅವಲೋಕಿಸಬೇಕೆಂದು ನಮ್ಮ ಬಿನ್ನಹ.

ನೂರು ಯೋಜನಗಳ ಸಮುದ್ರವು ಎದುರಿಗಿದೆ. ಸುಗ್ರೀವನು ವಿಧಿಸಿದ ಅವಧಿಯು ಮೀರಿದೆ. ಯಾರು ಎಷ್ಟು ದೂರ ಲಂಘಿಸಬಲ್ಲರೆಂದು ಯುವರಾಜನಾದ ಅಂಗದನು ಕೇಳಲು, ಗಜನು 10 ಯೋಜನವೆಂದನು. ಗವಾಕ್ಷನು 20 ಎಂದನು. ಮೈಂದನು 60, ದ್ವಿವಿದನು 70. ತಾರುಣ್ಯದಲ್ಲಿ ತ್ರಿವಿಕ್ರಮನಿಗೇ ಪ್ರದಕ್ಷಿಣೆ ಬಂದಿದ್ದ ಜಾಂಬವಂತನು, ಈಗ ವೃದ್ಧನಾದುದರಿಂದ 90ಕ್ಕೆ ಮೀರಿ ಹೋಗಲಾರೆನೆಂದನು. ಅಂಗದನು 100 ಯೋಜನ ಹಾರಬಲ್ಲೆನೆಂದು ಹೇಳಿ, ಹಿಂದಿರುಗುವುದು ಮಾತ್ರ ಸಂದೇಹವೆಂದು ಒಪ್ಪಿಕೊಂಡನು. ಹತ್ತು ಎಂದವನನ್ನು ಅಲ್ಲಿ ಯಾರೂ ಹಾಸ್ಯ ಮಾಡಲಿಲ್ಲ. ನಮ್ಮ ಮನೆಗಳ ಪಡಸಾಲೆಯಲ್ಲಿ ಅದೇ ಮಾತನ್ನಾಡಿದ ಹುಡುಗನ ಗತಿ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಬಳಿಕ ಜಾಂಬವಂತನು ಏಕಾಂತದಲ್ಲಿ ಸುಮ್ಮನೆ ಕುಳಿತಿದ್ದ ಹನುಮಂತನ ಕಡೆಗೆ ತಿರುಗಿ, ಮೌನವನ್ನು ಹಂಗಿಸದೆ, ಅವನ ಜನನವನ್ನೂ ಬಾಲ್ಯದಲ್ಲಿ ಸೂರ್ಯನೆಡೆಗೆ ಹಾರಿದುದನ್ನೂ ಹೇಳಿದನು. ಮುಖ್ಯಪ್ರಾಣದೇವರಿಗೆ ವಿಸ್ಮೃತಿಯುಂಟೆಂಬುದು ನಮ್ಮ ಸಿದ್ಧಾಂತಕ್ಕೆ ಸಮ್ಮತವಲ್ಲ. ಆ ಮೌನವನ್ನು ಲೋಕಶಿಕ್ಷಣಕ್ಕಾಗಿಯೆಂದೇ ಭಾವಿಸಬೇಕು. ಶಿಕ್ಷಣವು ಯಾರಿಗೆ? ತರುಣರಿಗಿಂತಲೂ ಅವರನ್ನು ತಿದ್ದಹೊರಟ ಹಿರಿಯರಿಗೆ ಎಂದು ನಮಗೆ ತೋರುತ್ತದೆ.

ಈ ವಿವೇಕವು ನಮಗೇ ತಡವಾಗಿ ಬಂದಿತು. ಕೆಲವು ವರ್ಷಗಳ ಹಿಂದೆ ಸಂಧ್ಯಾವಂದನೆಯ ಪಾಠಕ್ಕೆ ಬರುತ್ತಿದ್ದ ಕಾಲೇಜಿನ ತರುಣನೊಬ್ಬನು ದಿನವೂ 1008 ಗಾಯತ್ರೀಜಪ ಮಾಡುವೆನೆಂದನು. ನಾವು ಎಲ್ಲರೆದುರು ಶ್ಲಾಘಿಸಿದೆವು. ತಿಂಗಳೊಳಗೆ ಜಪವು ತಪ್ಪಿತು. ನಾಚಿಕೆಯಿಂದ ಸಂಧ್ಯೆಯನ್ನೂ ಬಿಟ್ಟನು. ಬೀದಿಯಲ್ಲಿ ನಮ್ಮನ್ನು ಕಂಡರೆ ಪಕ್ಕದ ಓಣಿಗೆ ತಿರುಗತೊಡಗಿದನು. ಅವನನ್ನು ಓಣಿಗೆ ಅಟ್ಟಿದ್ದು ನಮ್ಮ ಶ್ಲಾಘನೆಯೇ. ಕೊನೆಗೆ ನಾವೇ ಅವನ ಮನೆಗೆ ಹೋಗಿ, ಎಷ್ಟಾದೀತೆಂದು ಕೇಳಿದೆವು. "ಹತ್ತು" ಎಂದು ತಲೆತಗ್ಗಿಸಿ ಹೇಳಿದನು. ಆಗಲಿ ಎಂದೆವು.

ಅಂದಿನಿಂದ ಪಾಠದ ಕ್ರಮವನ್ನು ಬದಲಿಸಿದ್ದೇವೆ. ಸಂಕಲ್ಪದಲ್ಲಿ ದೇಶವನ್ನು ಹೇಳಿ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳಿ, ವಿಷ್ಣುವಿನ ಪ್ರೇರಣೆಯಿಂದ ವಿಷ್ಣುಪ್ರೀತಿಗಾಗಿ ಇಂಥ ಕರ್ಮವನ್ನು ಮಾಡುವೆನೆನ್ನುತ್ತೇವೆ. ಇಲ್ಲಿ, ಈ ದಿನ, ಇಷ್ಟು. ನಾಳೆಯ ಮಾತೇ ಅಲ್ಲಿಲ್ಲ. ಆದರೆ ಯುಗಾದಿ ಕಳೆದು ತಿಂಗಳಾದರೂ ಹಳೆಯ ಸಂವತ್ಸರವನ್ನೇ ಹೇಳುವವರುಂಟು! ಆದುದರಿಂದ ಇಂದಿನ ತಿಥಿ ಯಾವುದೆಂದು ಕೇಳಿದ ನಂತರವೇ ಆಚಮನ. ಜಪದ ನಡುವೆ ಮನಸ್ಸು ಕ್ರಿಕೆಟ್ಟಿಗೋ ಮೊಬೈಲಿಗೋ ಓಡಿದರೆ ಗದರುವುದಿಲ್ಲ. ಓಡಿತೆಂದು ತಿಳಿದೊಡನೆ ಮರಳಿ ಮಂತ್ರಕ್ಕೆ ತರಬೇಕು. ಗೀತೆಯ ಆರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಅಭ್ಯಾಸವೆಂದು ಹೇಳಿರುವುದು ಇದನ್ನೇ. ಪರೀಕ್ಷೆಯ ಓದಿಗೂ ಇದೇ ಕ್ರಮವು ಸಾಕು.

ಅಡ್ಡಿಗಳೆಲ್ಲ ಸಿಂಹಿಕೆಯಂತೆ ರಾಕ್ಷಸರೂಪದಲ್ಲಿ ಬರುವುದಿಲ್ಲ. ಮೈನಾಕನು ಆದರದಿಂದಲೇ ವಿಶ್ರಾಂತಿಗೆ ಕರೆದನು. ಹನುಮಂತನು ಅವನನ್ನು ಕೈಯಿಂದ ಮುಟ್ಟಿ ಗೌರವಿಸಿ ಮುಂದುವರಿದನು. ಸ್ನೇಹಿತರ ಕರೆಯನ್ನು ನಿಷ್ಠುರವಿಲ್ಲದೆ ದಾಟುವ ಈ ಬಗೆಯನ್ನು ತರುಣರಿಗೆ ವಿಶೇಷವಾಗಿ ತಿಳಿಸುತ್ತೇವೆ.

ಆ ತರುಣನು ಹತ್ತನ್ನು ಬಿಡದೆ ನಡೆಸುತ್ತಿದ್ದಾನೆ. 28ಕ್ಕೆ ಏರಿಸಲೇ ಎಂದು ಮೊನ್ನೆ ಕೇಳಿದನು. ಇನ್ನೊಂದು ಪಕ್ಷ ಕಳೆಯಲಿ ಎಂದಿದ್ದೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥