ವಕೀಲರ ಮನೆಯ ಮುಂದಿನ ಕೋಣೆ

ಬೆಂಗಳೂರಿನ ಹಳೆಯ ಬಡಾವಣೆಗಳಾದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ವಕೀಲರ ಮನೆಯನ್ನು ಗುರುತಿಸುವುದು ಒಂದು ಕಾಲಕ್ಕೆ ಕಷ್ಟವಾಗಿರಲಿಲ್ಲ. ಗೇಟಿನ ಪಕ್ಕದಲ್ಲಿ ಹೆಸರಿನ ಫಲಕ, ಜಗಲಿಯ ಮೇಲೆ ಕಾಗದದ ಕಟ್ಟುಗಳನ್ನು ತೊಡೆಯ ಮೇಲಿರಿಸಿಕೊಂಡು ಕುಳಿತ ಕಕ್ಷಿಗಾರರು, ಒಳಗಿನಿಂದ ಕೇಳಿಬರುವ ಬೆರಳಚ್ಚು ಯಂತ್ರದ ಸದ್ದು, ಇಷ್ಟೇ ಸಾಕಾಗಿತ್ತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ದಿನಗಳಲ್ಲಿ ಬೆಳೆದವು. ಇವೆಲ್ಲವೂ ಸಂಸಾರಸ್ಥರ ವಾಸಕ್ಕೆಂದು ನಿರ್ಮಿಸಿದ ಬಡಾವಣೆಗಳು. ಆದರೆ ವಕೀಲರ ಮನೆಯಲ್ಲಿ ಮುಂದಿನ ಕೋಣೆ ಮಾತ್ರ ಸಂಸಾರಕ್ಕೆ ಸೇರಿದುದಲ್ಲ, ಅದು ಕಚೇರಿ. ಮಕ್ಕಳು ಅಲ್ಲಿಗೆ ಕಾಲಿಡುವಂತಿರಲಿಲ್ಲ.

ಆ ಕೋಣೆಯಲ್ಲಿ ಹಿರಿಯ ವಕೀಲರೊಡನೆ ಒಬ್ಬಿಬ್ಬರು ಕಿರಿಯ ವಕೀಲರು, ಒಬ್ಬ ಬೆರಳಚ್ಚುಗಾರ, ಒಬ್ಬ ಗುಮಾಸ್ತ ಇರುತ್ತಿದ್ದರು. ಗುಮಾಸ್ತನೆಂದರೆ ಸಾಮಾನ್ಯನಲ್ಲ. ಯಾವ ಮೊಕದ್ದಮೆಗೆ ಯಾವ ದಿನ ವಾಯಿದೆ, ಯಾವ ಅರ್ಜಿಗೆ ಎಷ್ಟು ರೂಪಾಯಿಯ ಮುದ್ರೆ, ದಸ್ತಾವೇಜಿನ ನಕಲು ಯಾವ ಮೇಜಿನಿಂದ ಬರಬೇಕು ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಕಿರಿಯ ವಕೀಲನ ಕೆಲಸ ಬೇರೆ. ಗೋಡೆಯುದ್ದಕ್ಕೂ ಜೋಡಿಸಿದ್ದ ತೀರ್ಪುಗಳ ಸಂಪುಟಗಳಲ್ಲಿ, ಅದರಲ್ಲೂ ನಾಗಪುರದಲ್ಲಿ ಅಚ್ಚಾಗುತ್ತ ಬಂದ ‘ಆಲ್ ಇಂಡಿಯಾ ರಿಪೋರ್ಟರ್’ ಸಂಪುಟಗಳಲ್ಲಿ, ಹಿಂದಿನ ನಿರ್ಣಯಗಳನ್ನು ಹುಡುಕಿ ಗುರುತುಹಾಕಿಡುವುದು ಅವನ ಪಾಲಿಗೆ ಬರುತ್ತಿತ್ತು. ಒಂದು ತೀರ್ಪನ್ನು ಹುಡುಕುವಾಗ ಬೇಡದ ಹತ್ತು ತೀರ್ಪುಗಳು ಕಣ್ಣಿಗೆ ಬೀಳುತ್ತಿದ್ದವು. ಬೇಡವೆಂದು ಕಂಡ ಆ ಹತ್ತೇ ಮುಂದೆ ಅವನ ಪಾಂಡಿತ್ಯದ ಬಂಡವಾಳವಾಗುತ್ತಿದ್ದವು. ಸಂಬಳ ಹೇಳಿಕೊಳ್ಳುವಷ್ಟಿರಲಿಲ್ಲ. ಕೆಲವು ಕಚೇರಿಗಳಲ್ಲಿ ಸಂಬಳವೆಂಬುದೇ ಇರಲಿಲ್ಲ. ಇದನ್ನು ಗುರುಕುಲವೆಂದು ಹೊಗಳುವವರು ಆ ಸಂಗತಿಯನ್ನು ಮರೆಯಬಾರದು.

ಈ ಕೋಣೆಗೆ ಗಣಕಯಂತ್ರ ಮೊದಲು ಬಂದದ್ದು ಬೆರಳಚ್ಚು ಯಂತ್ರದ ಜಾಗಕ್ಕೆ. ಒಂದು ಅಕ್ಷರ ತಪ್ಪಿದರೆ ಇಡೀ ಪುಟವನ್ನು ಮತ್ತೆ ಹೊಡೆಯುವ ಕಷ್ಟ ತಪ್ಪಿತು. 2007ರಲ್ಲಿ ಆರಂಭವಾದ ಇ-ನ್ಯಾಯಾಲಯ ಯೋಜನೆಯಿಂದ ವಾಯಿದೆಯ ದಿನಾಂಕಗಳೂ ಆದೇಶಗಳೂ ಕ್ರಮೇಣ ಗಣಕದ ತೆರೆಯ ಮೇಲೆ ಕಾಣತೊಡಗಿದವು. 2008ರಲ್ಲಿ ಸುಶಾಂತ್ ಸಿನ್ಹಾ ಎಂಬ ಗಣಕ ವಿಜ್ಞಾನಿ ‘ಇಂಡಿಯನ್ ಕಾನೂನ್’ ಎಂಬ ಶೋಧ ವ್ಯವಸ್ಥೆಯನ್ನು ಆರಂಭಿಸಿ, ನ್ಯಾಯಾಲಯಗಳ ತೀರ್ಪುಗಳನ್ನು ಯಾರು ಬೇಕಾದರೂ ಹಣ ಕೊಡದೆ ಹುಡುಕಿ ಓದುವಂತೆ ಮಾಡಿದರು. ಗೋಡೆಯ ತುಂಬ ಸಂಪುಟಗಳನ್ನು ಕೊಳ್ಳಲಾಗದ ಬಡ ವಕೀಲನಿಗೆ ಇದು ದೊಡ್ಡ ಉಪಕಾರವೇ ಸರಿ. 2020ರ ಕೋವಿಡ್ ಪಿಡುಗಿನ ಕಾಲದಲ್ಲಂತೂ ವಿಚಾರಣೆಯೇ ಮನೆಗೆ ಬಂದಿತು. ಅತ್ತಾರ ಕಚೇರಿಯೆಂದು ಹಳಬರು ಕರೆಯುವ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡಕ್ಕೆ ಹೋಗದೆಯೇ ವಕೀಲರು ಮುಂದಿನ ಕೋಣೆಯಲ್ಲಿ ಕುಳಿತು ವಾದಿಸಿದರು. ಯಾರೂ ತೆರೆಯದ ಹಳೆಯ ಸಂಪುಟಗಳು ಆಗ ಅವರ ಬೆನ್ನ ಹಿಂದೆ ಅಲಂಕಾರವಾಗಿ ನಿಂತವು.

ಈ ಬದಲಾವಣೆಗಳ ನಡುವೆಯೇ, ಈ ಬಡಾವಣೆಗಳ ಕಾನೂನು ಪದವೀಧರರನ್ನು ಬೇರೊಂದು ದಾರಿ ಕರೆಯಿತು. ಅಮೆರಿಕದಲ್ಲಿ ಮೊಕದ್ದಮೆ ವಿಚಾರಣೆಗೆ ಬರುವ ಮೊದಲೇ ಉಭಯ ಪಕ್ಷಗಳೂ ತಮ್ಮಲ್ಲಿರುವ ಸಂಬಂಧಪಟ್ಟ ಕಾಗದಪತ್ರಗಳನ್ನು ಪರಸ್ಪರ ಒಪ್ಪಿಸಬೇಕೆಂಬ ಪದ್ಧತಿಯಿದೆ. ಕಾಗದದ ಕಾಲದಲ್ಲಿ ಅವು ಕೆಲವು ಪೆಟ್ಟಿಗೆಗಳಲ್ಲಿ ಅಡಗುತ್ತಿದ್ದವು. ವಿದ್ಯುನ್ಮಾನ ಅಂಚೆ ಬಂದ ಮೇಲೆ ದೊಡ್ಡ ವ್ಯಾಪಾರ ಸಂಸ್ಥೆಯೊಂದರ ಪತ್ರಗಳು ಲಕ್ಷಗಟ್ಟಲೆ ಆದವು. ಯಾವುದು ಕೊಡತಕ್ಕದ್ದು, ಯಾವುದು ವಕೀಲ-ಕಕ್ಷಿಗಾರರ ಗುಟ್ಟು ಎಂದು ಒಂದೊಂದನ್ನೂ ಓದಿ ವಿಂಗಡಿಸಬೇಕು. ಅಲ್ಲಿಯ ವಕೀಲರ ಶುಲ್ಕವೋ ಗಂಟೆಯ ಲೆಕ್ಕದ್ದು. ಇಂಗ್ಲಿಷ್ ಬಲ್ಲವರೂ, ಇಂಗ್ಲೆಂಡಿನ ನ್ಯಾಯಪದ್ಧತಿಯ ಮೂಲದಿಂದಲೇ ಬಂದ ಕಾನೂನನ್ನು ಓದಿದವರೂ ಆದ ಭಾರತೀಯ ಪದವೀಧರರು ಇದನ್ನು ಬಹು ಕಡಿಮೆ ವೆಚ್ಚದಲ್ಲಿ ಮಾಡಬಲ್ಲರೆಂದು ಅಲ್ಲಿಯವರಿಗೆ ಹೊಳೆಯಿತು. ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ ಏಳಾದಾಗ ಬೆಂಗಳೂರಿನಲ್ಲಿ ಮರುದಿನದ ಬೆಳಗಿನ ಐದೂವರೆ. ಅಲ್ಲಿಯವರು ಮಲಗಿ ಏಳುವಷ್ಟರಲ್ಲಿ ಇಲ್ಲಿ ಕೆಲಸ ಮುಗಿದಿರುತ್ತಿತ್ತು. ಇದಕ್ಕೆ ಹೊರಗುತ್ತಿಗೆ ಎಂದು ಹೆಸರು. 2004ರಲ್ಲಿ ಮುಂಬಯಿಯನ್ನು ನೆಲೆಯಾಗಿಸಿಕೊಂಡು ಆರಂಭವಾದ ‘ಪ್ಯಾಂಜಿಯ ತ್ರೀ’ ಎಂಬ ಸಂಸ್ಥೆಯನ್ನು 2010ರಲ್ಲಿ ‘ಥಾಮ್ಸನ್ ರಾಯಿಟರ್ಸ್’ ಕೊಂಡಿತೆಂದರೆ ಈ ವ್ಯವಹಾರದ ಬೆಳವಣಿಗೆಯನ್ನು ಊಹಿಸಬಹುದು. ಬೆಂಗಳೂರಿನಲ್ಲೂ ಇಂಥ ಕೆಲಸ ಬೆಳೆಯಿತು. ಬಸವನಗುಡಿಯ ಕಾನೂನು ಕಾಲೇಜಿನಿಂದ ಹೊರಬಿದ್ದ ತರುಣನಿಗೆ ಹಿರಿಯರ ಕೋಣೆಯಲ್ಲಿ ಸಂಬಳವಿಲ್ಲದೆ ಕಾಯುವುದಕ್ಕಿಂತ ತಿಂಗಳ ಕೊನೆಗೆ ಖಚಿತವಾಗಿ ಕೈಸೇರುವ ಸಂಬಳ ಹಿತವೆನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಕೆಲಸ ಕೈಬದಲಾದಾಗ ಹೊಣೆ ಯಾರದು? ಅಮೆರಿಕದ ವಕೀಲರ ಸಂಘ 2008ರಲ್ಲಿ ತನ್ನ ಅಭಿಪ್ರಾಯವನ್ನು ಸ್ಪಷ್ಟಪಡಿಸಿತು. ಕೆಲಸವನ್ನು ಹೊರಗೆ ಕೊಡಬಹುದು. ಆದರೆ ಅದರ ಗುಣಕ್ಕೂ ಗೋಪ್ಯಕ್ಕೂ ಕೊಟ್ಟ ವಕೀಲನೇ ಹೊಣೆ. ಭಾರತದ ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚಿಯಲ್ಲಿ ಇನ್ನೊಂದು ಮಗ್ಗುಲನ್ನು ನೋಡಿತು. ಇಂಥ ಸಂಸ್ಥೆಗಳ ಸೇವೆ ತಿರುಳಿನಲ್ಲಿ ವಕೀಲಿ ವೃತ್ತಿಯೇ ಆಗಿದ್ದರೆ ಅದು 1961ರ ವಕೀಲರ ಅಧಿನಿಯಮಕ್ಕೆ ಒಳಪಡುತ್ತದೆ, ಇಲ್ಲವಾದರೆ ಇಲ್ಲ ಎಂಬುದು ಅದರ ನಿರ್ಣಯದ ಸಾರ. ತಿರುಳು ಯಾವುದು, ಸಿಪ್ಪೆ ಯಾವುದು ಎಂಬುದನ್ನು ಪ್ರತಿಯೊಂದು ಸಂದರ್ಭದಲ್ಲೂ ಬೇರೆಬೇರೆಯಾಗಿಯೇ ನೋಡಬೇಕಾಗುತ್ತದೆ.

ಅಷ್ಟರಲ್ಲಿ ಕೆಲಸ ಇನ್ನೊಮ್ಮೆ ಕೈಬದಲಾಯಿಸತೊಡಗಿತ್ತು. ಪತ್ರಗಳನ್ನು ವಿಂಗಡಿಸಲು ಗಣಕವನ್ನೇ ಬಳಸಬಹುದೆಂದು ನ್ಯೂಯಾರ್ಕಿನ ನ್ಯಾಯಾಲಯವೊಂದು 2012ರಲ್ಲಿ ಒಪ್ಪಿತು. ಬಲ್ಲವನೊಬ್ಬ ಕೆಲವು ಸಾವಿರ ಪತ್ರಗಳನ್ನು ಓದಿ ಗುರುತು ಹಾಕಿದರೆ ಯಂತ್ರ ಆ ಜಾಡನ್ನು ಹಿಡಿದು ಉಳಿದವನ್ನು ವಿಂಗಡಿಸುತ್ತದೆ. ಮ್ಯಾನ್‌ಹಟನ್ನಿನ ಕಿರಿಯ ವಕೀಲನಿಂದ ಬೆಂಗಳೂರಿನ ಪದವೀಧರನಿಗೆ ಬಂದ ಕೆಲಸ ಅವನಿಂದ ಯಂತ್ರಕ್ಕೆ ಸರಿಯಿತು. ಕೃತಕ ಬುದ್ಧಿಮತ್ತೆಯ ಹೊಸ ಯಂತ್ರಗಳಂತೂ ಅರ್ಜಿಯ ಕರಡನ್ನೇ ಬರೆದುಕೊಡುತ್ತವೆ. ಸಾಲದುದಕ್ಕೆ, ಇಲ್ಲದ ತೀರ್ಪುಗಳನ್ನೂ ಸೃಷ್ಟಿಸಿಕೊಡುತ್ತವೆ! ಅವನ್ನು ನಂಬಿ ನ್ಯಾಯಾಲಯಕ್ಕೆ ಸಲ್ಲಿಸಿದ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ 5,000 ಡಾಲರುಗಳ ದಂಡ ಬಿದ್ದಿತು. ಬೆಂಗಳೂರಿನಲ್ಲೂ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಉಲ್ಲೇಖಗೊಂಡಿದ್ದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂಬುದನ್ನು ಉಚ್ಚ ನ್ಯಾಯಾಲಯ 2025ರ ಮಾರ್ಚಿಯಲ್ಲಿ ಎತ್ತಿ ತೋರಿಸಿತು. ಅವು ಎಲ್ಲಿಂದ ಬಂದವೆಂಬುದು ಬೇರೆ ಪ್ರಶ್ನೆ. ಒಬ್ಬರು ಸಂಪುಟವನ್ನು ತೆರೆದು ನೋಡಿದ್ದರೆ ಅವು ಆದೇಶದೊಳಕ್ಕೆ ಬರುತ್ತಿರಲಿಲ್ಲ.

ಹಾಗೆ ತೆರೆದು ನೋಡುವವರು ಮುಂದೆ ಎಲ್ಲಿ ತಯಾರಾಗಬೇಕು? ಹುಡುಕುವ ಕೆಲಸ, ನಕಲು ಮಾಡುವ ಕೆಲಸ, ಕರಡು ಬರೆಯುವ ಕೆಲಸ ಇವು ಬೇಸರದವೇ ಆದರೂ ಕಿರಿಯನು ಏರುತ್ತಿದ್ದ ಏಣಿಯ ಕೆಳಗಿನ ಮೆಟ್ಟಿಲುಗಳು ಅವೇ. ಅವನ್ನು ಕಿತ್ತು ಬೇರೆಯವರಿಗೋ ಯಂತ್ರಕ್ಕೋ ಕೊಟ್ಟ ಮೇಲೆ ಮೇಲಿನ ಮೆಟ್ಟಿಲಿಗೆ ಹಾರಿ ಹತ್ತುವುದು ಹೇಗೆಂಬುದನ್ನು ಈ ಉದ್ಯಮ ಇನ್ನೂ ಕಂಡುಕೊಂಡಿಲ್ಲ. ಗೋಪ್ಯದ ಮಾತೂ ಇದೆ. ಕಕ್ಷಿಗಾರ ಹೇಳಿದ್ದನ್ನು ಹೊರಗೆ ಆಡಬಾರದೆಂಬ ಕಟ್ಟುಪಾಡು 1872ರ ಸಾಕ್ಷ್ಯ ಅಧಿನಿಯಮದಲ್ಲಿ ವಕೀಲನಿಗಷ್ಟೇ ಅಲ್ಲ, ಅವನ ಗುಮಾಸ್ತನಿಗೂ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಗುಮಾಸ್ತನಿಗೆ ಮುಖವಿತ್ತು, ಮನೆಯಿತ್ತು, ಮರ್ಯಾದೆಯ ಅಂಜಿಕೆಯಿತ್ತು. ದೂರದೇಶದ ಯಾವುದೋ ಗಣಕದಲ್ಲಿ ಸಂಗ್ರಹವಾದ ಗುಟ್ಟಿಗೆ ಯಾರನ್ನು ಕೇಳಬೇಕು?

ಮುಂದಿನ ಕೋಣೆಗಳಲ್ಲಿ ಕೆಲವು ಈಗ ಮುಚ್ಚಿವೆ, ಕೆಲವು ಉಳಿದಿವೆ. ಉಳಿದ ಕೋಣೆಗೆ ಈಗಲೂ ಸಂಜೆಯ ಹೊತ್ತು ವೃದ್ಧೆಯೊಬ್ಬರು ಮಗನ ಕೈಹಿಡಿದು ಬರುತ್ತಾರೆ. ಟ್ರಂಕಿನ ತಳದಲ್ಲಿದ್ದ ವಿಭಾಗಪತ್ರವನ್ನು ಬಟ್ಟೆಯ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಡುತ್ತಾರೆ. ಮಡಿಕೆಗಳಲ್ಲಿ ಹರಿದ ಕಾಗದ, ಮಾಸಿದ ಶಾಯಿ, ಒಂದಕ್ಕೊಂದು ಹೆಣೆದುಕೊಂಡ ಹಳೆಯ ಕೈಬರಹ. ಯಂತ್ರ ಅದರ ಚಿತ್ರವನ್ನು ತೆಗೆದುಕೊಂಡು ಎರಡು ಸಾಲು ಓದಿ ಮೂರನೆಯದರಲ್ಲಿ ತಡವರಿಸುತ್ತದೆ. ಆಗ ಕಿರಿಯ ವಕೀಲೆ ಎದ್ದುಹೋಗಿ, ನಿವೃತ್ತನಾದರೂ ಸಂಜೆಗೊಮ್ಮೆ ಬಂದು ಕೂರುವ ಗುಮಾಸ್ತನನ್ನು ಕರೆತರುತ್ತಾಳೆ. ಅವನು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಚೆಕ್ಕುಬಂದಿಯನ್ನು ಓದತೊಡಗುತ್ತಾನೆ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಚಿಕ್ಕಪ್ಪನ ಭಾಗದ ಮನೆ, ಉತ್ತರಕ್ಕೆ ಬಾವಿ. ವೃದ್ಧೆ ತಲೆಯಾಡಿಸುತ್ತಾರೆ, ಕಿರಿಯಳು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾಳೆ.