ಕಾಣದ ಗಾಲಿಗಳ ಕೀಲೆಣ್ಣೆ

ದೂರದ ಸಂತೆಗೋ ಜಾತ್ರೆಗೋ ಬಂಡಿ ಹೂಡುವ ಮುನ್ನ ಹಿಂದಿನ ಕಾಲದ ರೈತನು ಮರೆಯದೆ ಮಾಡುತ್ತಿದ್ದ ಕೆಲಸವೊಂದಿತ್ತು. ಅವನು ಗಾಲಿಯ ಕಡಾಣಿಯನ್ನು ಕಳಚಿ, ಗಾಲಿಯನ್ನು ತುಸು ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆಯನ್ನು ಸವರುತ್ತಿದ್ದನು. ಎತ್ತುಗಳು ಎಷ್ಟೇ ಬಲಶಾಲಿಗಳಾಗಿರಲಿ, ಕೀಲೆಣ್ಣೆ ಕಾಣದ ಗಾಲಿ ಮೊದಲು ಕಿರುಗುಟ್ಟುತ್ತದೆ. ಆಮೇಲೆ ಅಚ್ಚು ಕಾಯುತ್ತದೆ, ಸವೆಯುತ್ತದೆ. ಕೊನೆಗೊಂದು ದಿನ ಬಂಡಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ಇದನ್ನು ರೈತನು ಪುಸ್ತಕದಿಂದ ಕಲಿತವನಲ್ಲ, ಅನುಭವದಿಂದ ಅರಿತವನು.

ಎತ್ತಿನ ಬಂಡಿಯ ಸ್ಥಾನಕ್ಕೆ ಮೋಟಾರು ಬಂಡಿ ಬಂದಿತು. ಎತ್ತುಗಳ ಕೆಲಸವನ್ನು ಎಂಜಿನು ವಹಿಸಿಕೊಂಡಿತು. ಆದರೆ ಉಜ್ಜಾಟದ ನಿಯಮ ಮಾತ್ರ ಬದಲಾಗಲಿಲ್ಲ. ಲೋಹವು ಲೋಹವನ್ನು ಉಜ್ಜುವಲ್ಲಿ ಸವೆತ ಉಂಟಾಗಿಯೇ ತೀರುತ್ತದೆ. ಈ ಸತ್ಯವು ಮೋಟಾರು ಬಂಡಿಯ ಮೊಟ್ಟಮೊದಲ ದೂರ ಪ್ರಯಾಣದಲ್ಲಿಯೇ ಅನುಭವಕ್ಕೆ ಬಂದಿತು.

ಆ ಪ್ರಯಾಣ ನಡೆದದ್ದು ಜರ್ಮನಿಯಲ್ಲಿ, 1888ರ ಆಗಸ್ಟ್ ತಿಂಗಳಿನಲ್ಲಿ. ಕಾರ್ಲ್ ಬೆಂಜ್ ಎಂಬ ಎಂಜಿನಿಯರು ಮೂರು ಗಾಲಿಗಳ ಮೋಟಾರು ಬಂಡಿಯನ್ನು ನಿರ್ಮಿಸಿದ್ದನು. ಆದರೆ ಅದನ್ನು ನಂಬಿ ದೂರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಆತನ ಪತ್ನಿ ಬರ್ಥಾ ಬೆಂಜ್, ಗಂಡನಿಗೆ ತಿಳಿಸದೆ, ತನ್ನ ಇಬ್ಬರು ಗಂಡುಮಕ್ಕಳನ್ನು ಜೊತೆಗೆ ಕರೆದುಕೊಂಡು ಮಾನ್‌ಹೈಮ್ ನಗರದಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಅದರಲ್ಲಿ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಎಂಜಿನಿನ ಶಕ್ತಿಯನ್ನು ಗಾಲಿಗಳಿಗೆ ಮುಟ್ಟಿಸುತ್ತಿದ್ದ ಸರಪಳಿ ನಡುವೆ ಸಡಿಲಗೊಂಡಿತು. ಒಬ್ಬ ಕಮ್ಮಾರನು ಅದನ್ನು ಸರಿಪಡಿಸಿಕೊಟ್ಟನು. ಕಡಿದಾದ ಏರುಗಳಲ್ಲಿ ಬಂಡಿ ಮುಂದೆ ಸಾಗದಾಗ ಇಳಿದು ತಳ್ಳಬೇಕಾಯಿತು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದಾಗ, ಚಮ್ಮಾರನೊಬ್ಬನಿಂದ ಅವುಗಳಿಗೆ ತೊಗಲು ಹೊದಿಸಿದಳು. ಊರು ಸೇರಿ ಹಿಂದಿರುಗಿದ ಮೇಲೆ ಆಕೆ ಗಂಡನಿಗೆ ನೀಡಿದ ಮುಖ್ಯ ಸಲಹೆ ಏರು ಹತ್ತುವುದಕ್ಕಾಗಿ ಇನ್ನೊಂದು ಗೇರನ್ನು ಸೇರಿಸಬೇಕೆಂಬುದು. ಎಂಜಿನು ಇದ್ದರಷ್ಟೇ ಸಾಲದು, ಅದರ ಶಕ್ತಿಯನ್ನು ಗಾಲಿಗಳಿಗೆ ತಕ್ಕ ರೀತಿಯಲ್ಲಿ ಒಯ್ಯುವ ಏರ್ಪಾಡೂ ಗಟ್ಟಿಯಾಗಿರಬೇಕು ಎಂಬುದನ್ನು ಆ ತಾಯಿ ದಾರಿಯಲ್ಲಿ ಕಂಡುಕೊಂಡಿದ್ದಳು.

ಇಂದಿನ ಕಾರಿನಲ್ಲಿ ಆ ಏರ್ಪಾಡಿನ ಹೃದಯವೇ ಗೇರ್‌ಬಾಕ್ಸು. ಅದು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಕಾರನ್ನು ತೊಳೆಯುವವರು ಗಾಜನ್ನು ಒರೆಸುತ್ತಾರೆ, ಬಣ್ಣಕ್ಕೆ ಹೊಳಪು ಕೊಡುತ್ತಾರೆ. ಆದರೆ ಅಡಿಯಲ್ಲಿರುವ ಈ ಲೋಹದ ಪೆಟ್ಟಿಗೆಯನ್ನು ನೆನೆಯುವವರು ವಿರಳ. ಬಾಡಿಗೆ ಕಾರನ್ನು ಓಡಿಸಿ ಸಂಸಾರವನ್ನು ಸಾಗಿಸುವವನಿಗೆ ಈ ಮರೆವು ಬಹಳ ದುಬಾರಿಯಾಗುತ್ತದೆ. ಗೇರ್‌ಬಾಕ್ಸು ಕೆಟ್ಟರೆ ರಿಪೇರಿಯ ಖರ್ಚು ಒಂದು ಕಡೆ; ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನ ಸಂಪಾದನೆಯಿಲ್ಲದಿರುವುದು ಇನ್ನೊಂದು ಕಡೆ.

ಗೇರ್‌ಬಾಕ್ಸಿನ ಅಗತ್ಯವೇನು? ಎಂಜಿನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದಾಗಲೇ ತನ್ನ ಶಕ್ತಿಯನ್ನು ಸಮರ್ಥವಾಗಿ ನೀಡಬಲ್ಲದು. ಆದರೆ ನಿಂತ ಕಾರು ಹೊರಡುವಾಗ ಗಾಲಿಗಳು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಬೇಕು. ಈ ಎರಡಕ್ಕೂ ಹೊಂದಾಣಿಕೆಯನ್ನು ಉಂಟುಮಾಡುವವು ಹಲ್ಲಿನ ಚಕ್ರಗಳು. ಹದಿನೈದು ಹಲ್ಲುಗಳ ಸಣ್ಣ ಚಕ್ರವೊಂದು ನಲವತ್ತೈದು ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸುತ್ತಿದೆಯೆಂದು ಭಾವಿಸಿದರೆ, ಸಣ್ಣದು ಮೂರು ಸುತ್ತು ತಿರುಗುವಷ್ಟರಲ್ಲಿ ದೊಡ್ಡದು ಒಂದು ಸುತ್ತು ತಿರುಗುತ್ತದೆ. ವೇಗವು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ; ಉಜ್ಜಾಟದ ನಷ್ಟವನ್ನು ಬಿಟ್ಟರೆ, ತಿರುಗಿಸುವ ಬಲವು ಮೂರು ಪಟ್ಟು ಹೆಚ್ಚುತ್ತದೆ. ಮೊದಲನೆಯ ಗೇರಿನಲ್ಲಿ ನಡೆಯುವುದು ಇದೇ. ಕಾರು ವೇಗ ಪಡೆದಂತೆಲ್ಲ ಅಷ್ಟು ಬಲ ಬೇಕಾಗುವುದಿಲ್ಲ. ಆಗ ಚಾಲಕನು ಎರಡನೆಯ, ಮೂರನೆಯ, ನಾಲ್ಕನೆಯ ಗೇರುಗಳಿಗೆ ಏರುತ್ತಾನೆ.

ಇಂದಿನ ಗೇರ್‌ಬಾಕ್ಸುಗಳಲ್ಲಿ ಮುಂದಕ್ಕೆ ಚಲಿಸುವ ಗೇರುಗಳ ಚಕ್ರಗಳು ಸದಾ ಪರಸ್ಪರ ಕಚ್ಚಿಕೊಂಡೇ ಇರುತ್ತವೆ. ಚಾಲಕನು ಗೇರ್ ಲಿವರನ್ನು ಸರಿಸಿದಾಗ, ಕವಲಿನಾಕಾರದ ಒಂದು ಭಾಗವು ಬಳೆಯಂತಹ ಇನ್ನೊಂದು ಭಾಗವನ್ನು ತಳ್ಳಿ, ಬೇಕಾದ ಚಕ್ರವನ್ನು ದಂಡದೊಡನೆ ಬೆಸೆಯುತ್ತದೆ. ಬೇರೆ ಬೇರೆ ವೇಗಗಳಲ್ಲಿ ತಿರುಗುತ್ತಿರುವ ಈ ಭಾಗಗಳು ಒಮ್ಮೆಗೇ ಕೂಡಿದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಸದ್ದಾಗುತ್ತದೆ. ಇದನ್ನು ತಪ್ಪಿಸಲೆಂದು ಅವುಗಳ ವೇಗವನ್ನು ಮೊದಲು ಸಮಗೊಳಿಸುವ ಉಂಗುರಗಳಿರುತ್ತವೆ. ಈ ಅನುಕೂಲವನ್ನು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಅಳವಡಿಸಲಾಯಿತು. ಅನೇಕ ಕಾರುಗಳಲ್ಲಿ ಈ ಉಂಗುರಗಳನ್ನು ಹಿತ್ತಾಳೆಯಂತಹ ಮೆದು ಲೋಹದಿಂದ ಮಾಡಿರುತ್ತಾರೆ. ಗೇರು ಬದಲಾದಾಗಲೆಲ್ಲ ಅವು ತುಸು ಉಜ್ಜಿಕೊಳ್ಳುತ್ತವೆ. ಆತುರದ ಕೈ ಅವುಗಳನ್ನು ಬೇಗ ಸವೆಸುತ್ತದೆ. ನಿದಾನದ ಕೈ ಅವುಗಳನ್ನು ಬಹುಕಾಲ ಬಾಳಿಸುತ್ತದೆ.

ಗೇರ್‌ಬಾಕ್ಸಿನ ಆರೈಕೆಯಲ್ಲಿ ಮೊದಲ ಸ್ಥಾನ ಎಣ್ಣೆಗೆ ಸಲ್ಲುತ್ತದೆ. ಹಲ್ಲುಗಳ ನಡುವೆ ಎಣ್ಣೆಯು ತೆಳುವಾದ ಪೊರೆಯಾಗಿ ನಿಂತು, ಲೋಹವು ಲೋಹಕ್ಕೆ ನೇರವಾಗಿ ತಾಗದಂತೆ ತಡೆಯುತ್ತದೆ. ಉಜ್ಜಾಟದಿಂದ ಹುಟ್ಟುವ ಶಾಖವನ್ನು ಪೆಟ್ಟಿಗೆಯ ಗೋಡೆಗೆ ಸಾಗಿಸುತ್ತದೆ. ಸವೆದ ಲೋಹದ ಪುಡಿಯನ್ನು ತಳಕ್ಕೆ ಒಯ್ಯುತ್ತದೆ. ಕೆಲವು ಗೇರ್‌ಬಾಕ್ಸುಗಳ ತಳದ ಬಿರಡೆಗೆ ಅಯಸ್ಕಾಂತವನ್ನು ಜೋಡಿಸಿರುವುದು ಆ ಪುಡಿಯನ್ನು ಹಿಡಿದಿಡುವುದಕ್ಕಾಗಿಯೇ. ಬಿರಡೆಯಲ್ಲಿ ನವುರಾದ ಹುಡಿ ಕಂಡರೆ ಅದು ಸಹಜವಾದ ಸವೆತ. ಲೋಹದ ಚೂರುಗಳು ಕಂಡರೆ ಒಳಗೆ ಯಾವುದೋ ಭಾಗ ಮುರಿಯುತ್ತಿದೆ ಎಂದು ತಿಳಿಯಬೇಕು.

ಯಾವ ಎಣ್ಣೆಯಾದರೂ ಆದೀತೆಂದು ಭಾವಿಸುವುದು ತಪ್ಪು. ಎಣ್ಣೆಯ ಗಾತ್ರ, ದರ್ಜೆಗಳೆರಡನ್ನೂ ಕಾರಿನ ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ಹೆಚ್ಚು ಭಾರಕ್ಕೆಂದು ತಯಾರಾದ ಕೆಲವು ಎಣ್ಣೆಗಳಲ್ಲಿರುವ ರಾಸಾಯನಿಕಗಳು ಹಿತ್ತಾಳೆಯ ಉಂಗುರಗಳನ್ನು ಕೊರೆಯುವುದುಂಟು. ಎಣ್ಣೆ ಕಡಿಮೆಯಾದರೆ ಹಲ್ಲುಗಳು ಒಣಗಿ ಕಾಯುತ್ತವೆ. ಹೆಚ್ಚಾದರೆ ಚಕ್ರಗಳು ಅದನ್ನು ಕಡೆದು ನೊರೆಯೆಬ್ಬಿಸುತ್ತವೆ, ಒತ್ತಡದಿಂದ ಸೀಲುಗಳು ಜಿನುಗತೊಡಗುತ್ತವೆ. ಆದುದರಿಂದ ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಎಣ್ಣೆಯ ಮಟ್ಟವನ್ನು ನೋಡಿಸಬೇಕು. ಎಣ್ಣೆಯನ್ನು ಬದಲಿಸುವ ಅವಧಿ ಕಾರಿನಿಂದ ಕಾರಿಗೆ ಬೇರೆಯಾಗಿರುತ್ತದೆ. ಕೈಪಿಡಿ ಹೇಳಿದ್ದೇ ಅದಕ್ಕೆ ಪ್ರಮಾಣ. ಭಾರ ಹೊತ್ತು, ಧೂಳಿನಲ್ಲಿ, ಏರುತಗ್ಗುಗಳಲ್ಲಿ ದಿನವೂ ಓಡುವ ಕಾರಿಗೆ ಆ ಅವಧಿಯನ್ನು ಇನ್ನಷ್ಟು ಕಡಿಮೆ ಮಾಡುವುದು ವಿವೇಕ.

ಕಾರು ರಾತ್ರಿ ನಿಂತಿದ್ದ ಜಾಗವನ್ನು ಬೆಳಿಗ್ಗೆ ಒಮ್ಮೆ ನೋಡುವುದಕ್ಕೆ ಖರ್ಚಿಲ್ಲ. ನೆಲದ ಮೇಲಿನ ಎಣ್ಣೆಯ ಒಂದು ಕಲೆ ಮುಂದೆ ಬರಲಿರುವ ಕೇಡನ್ನು ಸೂಚಿಸಬಹುದು. ಮಳೆಗಾಲದಲ್ಲಿ ತುಂಬಿ ಹರಿಯುವ ನೀರಿನೊಳಗೆ ಕಾರನ್ನು ಇಳಿಸಬೇಕಾಗಿ ಬಂದಿದ್ದರೆ, ಗೇರ್‌ಬಾಕ್ಸಿನ ಗಾಳಿಕಿಂಡಿಯ ಮೂಲಕ ಒಳಗೆ ನೀರು ಸೇರಿರಬಹುದು. ಆಗ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಅಂತಹ ಎಣ್ಣೆಯನ್ನು ತಡಮಾಡದೆ ಬದಲಿಸಬೇಕು.

ಎರಡನೆಯದು ಕ್ಲಚ್ಚಿನ ಸರಿಯಾದ ಬಳಕೆ. ಎಂಜಿನನ್ನೂ ಗೇರ್‌ಬಾಕ್ಸನ್ನೂ ಕೂಡಿಸುವ, ಬೇರ್ಪಡಿಸುವ ಸಾಧನವೇ ಕ್ಲಚ್ಚು. ಗೇರು ಬದಲಿಸುವಾಗ ಅದರ ಪೆಡಲನ್ನು ಪೂರ್ತಿಯಾಗಿ ಒತ್ತಬೇಕು. ಅರ್ಧ ಒತ್ತಿದರೆ ಎಂಜಿನಿನ ಬಲ ಇನ್ನೂ ಹರಿಯುತ್ತಿರುವಾಗಲೇ ಚಕ್ರಗಳು ಬದಲಾಗಬೇಕಾಗುತ್ತದೆ. ಗೇರು ಬದಲಿಸಿದ ಮೇಲೆ ಪಾದವನ್ನು ಪೆಡಲಿನಿಂದ ಪೂರ್ತಿಯಾಗಿ ತೆಗೆಯಬೇಕು. ಕಾಲನ್ನು ಅದರ ಮೇಲೆ ಇಟ್ಟುಕೊಂಡೇ ಕಾರು ಓಡಿಸುವ ಅಭ್ಯಾಸ ಅನೇಕರಿಗಿದೆ. ಆ ಸಣ್ಣ ಭಾರವೇ ಕ್ಲಚ್ಚಿನ ತಟ್ಟೆ ಜಾರುವುದಕ್ಕೂ ಅದರ ಬೇರಿಂಗು ಸವೆಯುವುದಕ್ಕೂ ಕಾರಣವಾಗುತ್ತದೆ. ಏರಿನಲ್ಲಿ ಕಾರನ್ನು ಕ್ಲಚ್ಚಿನಿಂದಲೇ ಹಿಡಿದು ನಿಲ್ಲಿಸುವುದೂ ಇಂಥದೇ ತಪ್ಪು. ಆ ಕೆಲಸಕ್ಕಾಗಿ ಹ್ಯಾಂಡ್‌ಬ್ರೇಕಿದೆ.

ಕಾಲಿಗೆ ಅನ್ವಯಿಸುವ ಮಾತು ಕೈಗೂ ಅನ್ವಯಿಸುತ್ತದೆ. ಗೇರ್ ಲಿವರಿನ ಮೇಲೆ ಕೈಯೂರಿಕೊಂಡು ಓಡಿಸುವವರುಂಟು. ಕೈಯ ಭಾರವು ಒಳಗಿನ ಕವಲನ್ನು, ತಿರುಗುತ್ತಿರುವ ಬಳೆಗೆ ಸದಾ ಒತ್ತುತ್ತಿರುತ್ತದೆ. ಕವಲು ಅನಾವಶ್ಯಕವಾಗಿ ಸವೆಯುತ್ತದೆ. ಮುಂದಕ್ಕೆ ಚಲಿಸುತ್ತಿರುವ ಕಾರು ಪೂರ್ತಿಯಾಗಿ ನಿಲ್ಲುವ ಮೊದಲೇ ರಿವರ್ಸ್ ಗೇರಿಗೆ ಹಾಕುವುದಂತೂ ಗೇರ್‌ಬಾಕ್ಸಿಗೆ ಮಾಡುವ ದೊಡ್ಡ ಅಪಚಾರ. ಅನೇಕ ಕಾರುಗಳ ರಿವರ್ಸ್ ಗೇರಿಗೆ ವೇಗವನ್ನು ಸಮಗೊಳಿಸುವ ಉಂಗುರವೇ ಇರುವುದಿಲ್ಲ. ಅಲ್ಲಿ ಕೇಳಿಬರುವ ಕರಕರ ಸದ್ದು ಹಲ್ಲುಗಳ ತುದಿ ಉದುರುವ ಸದ್ದೇ ಸರಿ.

ಮೂರನೆಯ ಸಂಗತಿ ಕಾರಿನ ಆಯುಸ್ಸಿಗಷ್ಟೇ ಅಲ್ಲ, ಮನುಷ್ಯರ ಆಯುಸ್ಸಿಗೂ ಸಂಬಂಧಪಟ್ಟದ್ದು. ಕರ್ನಾಟಕದ ಮಲೆನಾಡಿನಿಂದ ಕರಾವಳಿಗೆ ಇಳಿಯುವವರು ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಘಾಟಿಗಳನ್ನು ದಾಟಬೇಕು. ಇಳಿಜಾರಿನಲ್ಲಿ ಪೆಟ್ರೋಲು ಉಳಿದೀತೆಂಬ ಆಸೆಯಿಂದ ಕೆಲವರು ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾರನ್ನು ಜಾರಲು ಬಿಡುತ್ತಾರೆ. ಆಗ ಕಾರಿನ ಸಂಪೂರ್ಣ ಭಾರವನ್ನು ಬ್ರೇಕುಗಳೇ ತಡೆಯಬೇಕಾಗುತ್ತದೆ. ಮತ್ತೆ ಮತ್ತೆ ಒತ್ತಿದ ಬ್ರೇಕುಗಳು ಕಾಯ್ದು ಹಿಡಿತವನ್ನು ಕಳೆದುಕೊಳ್ಳುತ್ತವೆ. ತಿರುವಿನಲ್ಲಿ ಹಾಗಾದರೆ ಗತಿಯೇನು? ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಎಂಜಿನೇ ಕಾರಿನ ಓಟಕ್ಕೆ ಲಗಾಮು ಹಾಕುತ್ತದೆ. ಬ್ರೇಕುಗಳು ತಂಪಾಗಿ ಉಳಿದು, ಬೇಕಾದಾಗ ಒದಗುತ್ತವೆ. ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ಇಂದಿನ ಎಂಜಿನುಗಳಲ್ಲಿ, ಗೇರಿನಲ್ಲಿಯೇ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಹರಿವು ತಾನಾಗಿಯೇ ನಿಲ್ಲುತ್ತದೆ. ಆದುದರಿಂದ ನ್ಯೂಟ್ರಲ್ಲಿನಲ್ಲಿ ಉಳಿತಾಯವೆಂಬ ನಂಬಿಕೆಗೂ ಆಧಾರವಿಲ್ಲ. ಏರು ಹತ್ತುವಾಗಲೂ ಎಂಜಿನು ಒದ್ದಾಡುವವರೆಗೆ ಕಾಯದೆ, ಮೊದಲೇ ಕೆಳಗಿನ ಗೇರಿಗೆ ಇಳಿಯಬೇಕು. ಬರ್ಥಾ ಬೆಂಜಳು ಏರಿನಲ್ಲಿ ಬಯಸಿದ ಗೇರು ಇಂದಿನ ಬಹುತೇಕ ಕಾರುಗಳಲ್ಲಿ ಇದೆ. ಅದನ್ನು ಬಳಸುವ ವಿವೇಕವನ್ನು ಮಾತ್ರ ಚಾಲಕನೇ ತರಬೇಕು.

ತಾನಾಗಿಯೇ ಗೇರು ಬದಲಿಸಿಕೊಳ್ಳುವ ಕಾರುಗಳಿಗೆ ಆರೈಕೆ ಬೇಡವೆಂದು ತಿಳಿಯಬಾರದು. ಅಮೆರಿಕದಲ್ಲಿ 1939ರಲ್ಲಿ ಇಂತಹ ಗೇರ್‌ಬಾಕ್ಸು ಸಾಮಾನ್ಯ ಗ್ರಾಹಕರ ಕೈಗೆ ಎಟುಕಿತು. ದ್ರವದ ಒತ್ತಡದಿಂದ ಕೆಲಸ ಮಾಡುವ ಬಗೆಯಲ್ಲಿ ಎಣ್ಣೆಯು ಬರಿಯ ಕೀಲೆಣ್ಣೆಯಲ್ಲ. ಶಕ್ತಿಯನ್ನು ಸಾಗಿಸುವುದೂ ಅದೇ, ಗೇರನ್ನು ಬದಲಿಸುವುದೂ ಅದೇ. ಆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ತಟ್ಟೆಗಳು ಸವೆಯುತ್ತಿವೆ ಎಂದರ್ಥ. ಇಂತಹ ಕಾರು ಕೆಟ್ಟು ನಿಂತಾಗ, ಓಡಿಸುವ ಗಾಲಿಗಳು ನೆಲಕ್ಕೆ ತಾಗಿರುವಂತೆಯೇ ಎಳೆದೊಯ್ಯುವುದು ಅಪಾಯಕರ. ಎಂಜಿನು ನಿಂತಿರುವುದರಿಂದ ಎಣ್ಣೆಯು ಹರಿಯದೆ ಒಳಭಾಗಗಳು ಸುಟ್ಟುಹೋಗಬಹುದು. ವಿದ್ಯುತ್ತಿನಿಂದ ಓಡುವ ಕಾರುಗಳಲ್ಲಿ ಬಹುಮಟ್ಟಿಗೆ ಒಂದೇ ಗೇರಿರುತ್ತದೆ. ಆದರೆ ಅಲ್ಲಿಯೂ ಹಲ್ಲಿನ ಚಕ್ರಗಳಿವೆ, ಅವುಗಳಿಗೂ ಎಣ್ಣೆ ಬೇಕು.

ಒಂದೇ ಊರಿನ ಇಬ್ಬರು ಬಾಡಿಗೆ ಕಾರಿನ ಚಾಲಕರನ್ನು ಊಹಿಸಿಕೊಳ್ಳಬಹುದು. ಇಬ್ಬರೂ ಸಾಲ ಮಾಡಿ ಒಂದೇ ಬಗೆಯ ಕಾರುಗಳನ್ನು ಕೊಂಡವರು. ಮೊದಲನೆಯವನು ಗೇರು ಬೀಳದಿದ್ದರೆ ತಳ್ಳಿ ಹಾಕುವನು. ಕರಕರ ಸದ್ದಾದರೆ ರೇಡಿಯೋದ ದನಿಯನ್ನು ಏರಿಸುವನು. ಎರಡನೆಯವನು ಗೇರು ತುಸು ಬಿಗಿಯಾದರೂ ಕಾರಣವನ್ನು ಕೇಳುವನು. ಹೊಸದಾಗಿ ಗುಂಯ್‌ಗುಡುವ ಸದ್ದೋ, ತಾನಾಗಿ ಜಾರಿ ಬೀಳುವ ಗೇರೋ ಕಂಡುಬಂದರೆ ಅಂದೇ ಮೆಕ್ಯಾನಿಕ್ಕನ ಬಳಿಗೆ ಹೋಗುವನು. ಒಂದು ಬೇರಿಂಗು ಅಥವಾ ಒಂದು ಸೀಲು ಬದಲಿಸುವುದರಲ್ಲಿ ಅವನ ಕೆಲಸ ಮುಗಿಯುತ್ತದೆ. ಮೊದಲನೆಯವನು ಮದುವೆಯ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೊರಟ ದಿನವೇ ಕಾರು ಘಾಟಿಯ ನಡುವೆ ನಿಲ್ಲುತ್ತದೆ. ಅಂದು ಅವನು ಕಳೆದುಕೊಳ್ಳುವುದು ಬಾಡಿಗೆಯನ್ನು ಮಾತ್ರವಲ್ಲ, ಜನರು ಅವನಲ್ಲಿಟ್ಟ ನಂಬಿಕೆಯನ್ನೂ ಕೂಡ. ಇಬ್ಬರ ಕಾರುಗಳಲ್ಲಿ ಆರಂಭದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ವ್ಯತ್ಯಾಸವಿದ್ದುದು ಇಬ್ಬರ ಕೈಕಾಲುಗಳ ಅಭ್ಯಾಸದಲ್ಲಿ, ಕಿವಿಗಳ ಎಚ್ಚರದಲ್ಲಿ.

ಯಂತ್ರಕ್ಕೆ ಮಾತು ಬಾರದು. ಆದರೂ ಅದು ಸದ್ದಿನಿಂದ, ಶಾಖದಿಂದ, ವಾಸನೆಯಿಂದ, ನೆಲದ ಮೇಲಿನ ಒಂದು ತೊಟ್ಟು ಎಣ್ಣೆಯಿಂದ ತನ್ನ ನೋವನ್ನು ತಿಳಿಸುತ್ತಲೇ ಇರುತ್ತದೆ. ಗಾಲಿಯ ಮೊದಲ ಕಿರುಗುಟ್ಟುವಿಕೆಗೇ ಬಂಡಿಯನ್ನು ನಿಲ್ಲಿಸಿ, ಕಡಾಣಿಯನ್ನು ಕಳಚುತ್ತಿದ್ದ ರೈತನು ಆ ಭಾಷೆಯನ್ನು ಬಲ್ಲವನಾಗಿದ್ದನು. ಬಂಡಿ ಬದಲಾಗಿದೆ, ಗಾಲಿಗಳು ಕಣ್ಮರೆಯಾಗಿ ಪೆಟ್ಟಿಗೆಯೊಳಗೆ ಸೇರಿವೆ. ಅವುಗಳ ದನಿಗೆ ಕಿವಿಗೊಡುವವನ ಪ್ರಯಾಣ ಮಾತ್ರ ಅಂದಿನಂತೆ ಇಂದೂ ಸುಖವಾಗಿ ಊರು ಮುಟ್ಟುತ್ತದೆ.