ನವಜಾತ ಶಿಶು, ಹಾಲಿನ ಪುಡಿ ಮತ್ತು ಕ್ಯಾಲ್ಸಿಯಂ: ಪರೀಕ್ಷಾ ಟಿಪ್ಪಣಿ

1. ಹೈಪೋಕ್ಯಾಲ್ಸೀಮಿಯಾ: ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ. ಅವಧಿ ತುಂಬಿ ಹುಟ್ಟಿದ ಶಿಶುವಿನಲ್ಲಿ ಡೆಸಿಲೀಟರ್‌ಗೆ 8 ಮಿ.ಗ್ರಾಂಗಿಂತ ಕಡಿಮೆ, ಅವಧಿಪೂರ್ವ ಶಿಶುವಿನಲ್ಲಿ 7ಕ್ಕಿಂತ ಕಡಿಮೆ.

2. ವಿಧಗಳು
• ಆರಂಭಿಕ: ಜನಿಸಿದ 72 ಗಂಟೆಯೊಳಗೆ
• ತಡವಾದ: 72 ಗಂಟೆಯ ನಂತರ. ಒಂದು ಕಾರಣ: ಹಸುವಿನ ಹಾಲಿನ ಅಧಿಕ ರಂಜಕ

3. ಲಕ್ಷಣ: ನಡುಕ, ಸೆಳವು.

4. ಕ್ಯಾಲ್ಸಿಯಂ–ರಂಜಕ ಅನುಪಾತ
• ತಾಯಿಹಾಲು: ಸುಮಾರು 2:1
• ಹಸುವಿನ ಹಾಲು: ಸುಮಾರು 1.2:1
• ಶಿಶು ಹಾಲಿನ ಪುಡಿ (ಕೋಡೆಕ್ಸ್ ಮಾನದಂಡ): 1:1ರಿಂದ 2:1

5. ಗೊಂದಲ ಬೇಡ
• ಹಸುವಿನ ಹಾಲಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಆದರೆ ಹೀರಿಕೆ ತಾಯಿಹಾಲಿನಿಂದಲೇ ಉತ್ತಮ.
• ಪ್ಯಾರಾಥೈರಾಯ್ಡ್ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಕ್ಯಾಲ್ಸಿಟೋನಿನ್ ಇಳಿಸುತ್ತದೆ.

6. ಸ್ಥಳೀಯ ಅಂಶ: ಚಳ್ಳಕೆರೆ, ಮೊಳಕಾಲ್ಮೂರು (ಚಿತ್ರದುರ್ಗ ಜಿಲ್ಲೆ) ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಹಾಲಿನ ಪುಡಿ ಕಲಸುವ ನೀರಿನ ಮೂಲಕ ಅದು ಶಿಶುವಿಗೂ ತಲುಪುತ್ತದೆ.
• ಬಿಐಎಸ್ ಮಿತಿ: ಲೀಟರ್‌ಗೆ 1.0 ಮಿ.ಗ್ರಾಂ, ಪರ್ಯಾಯ ಮೂಲ ಇಲ್ಲದಿದ್ದರೆ 1.5
• ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗದು.
• ನಲ್ಗೊಂಡ ವಿಧಾನ: ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವುದು

7. ನೆನಪಿಡಿ
• ತಾಯಿಹಾಲು ಮಾತ್ರ: ಮೊದಲ 6 ತಿಂಗಳು
• ತಾಯಿಹಾಲು ಬದಲಿಗಳ ಅಂತರರಾಷ್ಟ್ರೀಯ ಮಾರಾಟ ಸಂಹಿತೆ: 1981
• ಭಾರತದ ಶಿಶು ಹಾಲು ಬದಲಿ ಕಾಯ್ದೆ: 1992, ತಿದ್ದುಪಡಿ: 2003
• ವಿಶ್ವ ಸ್ತನ್ಯಪಾನ ಸಪ್ತಾಹ: ಆಗಸ್ಟ್ 1–7